ಮಿನಕ್ಕನ ನೀರು ಕುಡಿಯುವ ಇಟ್ಟಿಗೆಗಳು

ನಾನು ಯಾರ ಮುಂದೆಯೂ ಮಂಡಿ ಊರಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೂಲಿನ ಗಿರಣಿಯಲ್ಲಿ ಮೂವತ್ತೆಂಟು ವರ್ಷ ಗೋಡೆಬರಹ ಬರೆದೆ. ನಾಲ್ಕು ಜನ ದೊಡ್ಡ ಸಾಹೇಬರು ಬಂದರು, ಹೋದರು. ಒಬ್ಬರ ಮುಂದೂ ಬಾಗಲಿಲ್ಲ. ಗೋಡೆಯ ಕೆಳಸಾಲು ಬರೆಯುವಾಗ ಬೇರೆಯವರು ಕುಕ್ಕರಗಾಲಲ್ಲಿ ಕೂರುತ್ತಿದ್ದರು. ನಾನು ಕುಂಚಕ್ಕೆ ಕೋಲು ಕಟ್ಟಿ ನಿಂತೇ ಬರೆದೆ. ನಿವೃತ್ತನಾದ ಮೇಲೆ ಪಾರ್ಕಿನ ನೆಲದ ಮೇಲೆ ನೀರಿನಲ್ಲಿ ಅಕ್ಷರ ಬರೆಯುವ ಚಾಳಿ ಹಿಡಿಸಿಕೊಂಡದ್ದೂ ಅದಕ್ಕೇ. ಕೋಲು ಉದ್ದ, ಬೆನ್ನು ನೆಟ್ಟಗೆ. ನಮ್ಮೂರು ಹಾನ್‌ಯಾಂಗಿನ ಬಾತುಕೊಳದ ಪಾರ್ಕಿನಲ್ಲಿ ನಾನು ಬೆಳಿಗ್ಗೆ ಒಂದು ಅಕ್ಷರ ಬರೆದರೆ, ಮೇಲೆ ಹಾರುವ ಬಾತುಗಳು ಬಗ್ಗಿ ನೋಡಿ ತಮ್ಮ ಸಾಲು ತಿದ್ದಿಕೊಳ್ಳುತ್ತಿದ್ದವು.

ಇಷ್ಟು ಹೇಳಿದ ಮೇಲೆ ಮಿನಕ್ಕನ ವಿಷಯಕ್ಕೆ ಬರಬಹುದು.

ಮಿನಕ್ಕ ನನಗಿಂತ ಹದಿನಾರು ವರ್ಷ ಚಿಕ್ಕವಳು. ಆದರೂ ಅಕ್ಕ. ಕೈಯಲ್ಲಿ ಪೊರಕೆ ಹಿಡಿದು ನಿಂತ ಹೆಂಗಸು ಊರಿಗೆಲ್ಲ ಅಕ್ಕನೇ. ಪೂರ್ತಿ ಹೆಸರು ಮಿನ್ ಗ್ವೇಹ್ವಾ. ಪಾರ್ಕಿನಲ್ಲಿ ಗುಡಿಸುವ ಕೆಲಸ. ಅದಕ್ಕೂ ಮುಂಚೆ ತನ್ನ ಹಳ್ಳಿಯ ಕೆರೆಗಳಲ್ಲಿ ಇಪ್ಪತ್ತೆರಡು ಚಳಿಗಾಲ ಸೊಂಟದವರೆಗೆ ಕೆಸರಲ್ಲಿ ನಿಂತು ತಾವರೆ ಗೆಡ್ಡೆ ಕಿತ್ತವಳು. ಕೆಸರಿನೊಳಗಿನ ಗೆಡ್ಡೆ ಕಣ್ಣಿಗೆ ಕಾಣುವುದಿಲ್ಲ, ಕಾಲ್ಬೆರಳಿನಿಂದ ತಡಕಿ ಹುಡುಕಬೇಕು. ಹಾಗಾಗಿ ಅವಳ ಕಾಲ್ಬೆರಳಿಗೆ ಬುದ್ಧಿ ಬಂದುಬಿಟ್ಟಿತ್ತು. ಬೂಟು ಹಾಕಿಕೊಂಡೇ ನಿಂತು, "ಇಲ್ಲಿ ಕೆಳಗೆ ಪೈಪು ಒಡೆದಿದೆ" ಅನ್ನುತ್ತಿದ್ದಳು; ಅಗೆದು ನೋಡಿದರೆ ಒಡೆದಿರುತ್ತಿತ್ತು. ಒಮ್ಮೆ ಮೂರು ಬೀದಿ ಆಚೆ ಯಾರೋ ನಲ್ಲಿ ನಿಲ್ಲಿಸೋದು ಮರೆತದ್ದನ್ನು ಇಲ್ಲಿಂದಲೇ ಹೇಳಿದಳು ಎಂದು ಪಾಂಗಣ್ಣ ಆಣೆ ಇಡುತ್ತಾನೆ. ಪಾಂಗಣ್ಣ ನನ್ನ ಜೊತೆ ನೀರಕ್ಷರ ಬರೆಯುವವನು, ಹಿಂದೆ ನದಿ ದಾಟುವ ದೋಣಿಯಲ್ಲಿ ಟಿಕೆಟ್ ಹರಿಯುತ್ತಿದ್ದ. ಅವನ ಆಣೆಯನ್ನೂ ಅರ್ಧ ಹರಿದುಕೊಂಡೇ ನಂಬಬೇಕು.

ಪಾರ್ಕಿನ ಹಿಂದೆ ತಗ್ಗಿನ ಓಣಿ. ಮಿನಕ್ಕನ ಮನೆ ಅಲ್ಲೇ, ನೆಲಮಟ್ಟದ ಒಂದು ಕೋಣೆ. ಅದರಲ್ಲಿ ಅವಳು, ಅವಳ ಗಂಡ, ಎಂಬತ್ತಾರು ವರ್ಷದ ಅತ್ತೆ. ಪಾರ್ಕಿಗೆ ಆಗ ನುಣ್ಣಗಿನ ಗ್ರಾನೈಟ್ ಹಾಸಿತ್ತು. ಜೂನಿನಲ್ಲಿ ಪ್ಲಮ್ ಹಣ್ಣು ಮಾಗುವ ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿದರೆ ಗೋಡೆಗೆ ತೂಗಿದ ಒಣಮೀನು ಬಾಲ ಆಡಿಸಲು ಶುರುಮಾಡುತ್ತದೆ, ಅಂಥ ಮಳೆ. ಒಂದು ಹನಿಯನ್ನೂ ಕೆಳಗಿಳಿಸದೆ ಗ್ರಾನೈಟ್ ಅಷ್ಟನ್ನೂ ಜಾರಿಸಿ ತಗ್ಗಿನ ಓಣಿಗೆ ತಳ್ಳುತ್ತಿತ್ತು. ಒಂದು ವರ್ಷ ಪಾರ್ಕಿನ ಮಹ್‌ಜಾಂಗ್ ಮೇಜು ತೇಲಿಕೊಂಡು ಹೋಯಿತು. ಆಡುತ್ತಿದ್ದ ನಾಲ್ವರೂ ಆಟ ಬಿಡದೆ ಎರಡು ಬಸ್ ಸ್ಟಾಪ್ ದಾಟಿ, ಗೆದ್ದವನು ಯಾರೆಂದು ತೀರ್ಮಾನವಾದ ಮೇಲೇ ಇಳಿದರು. ಓಣಿಯವರಿಗೆ ಮಾತ್ರ ಇದು ನಗುವ ಸಂಗತಿಯಾಗಿರಲಿಲ್ಲ. ಮಿನಕ್ಕ ಪ್ರತಿ ಮಳೆಗಾಲಕ್ಕೂ ಅತ್ತೆಯ ಮಂಚದ ಕಾಲಿನ ಕೆಳಗೆ ಇಟ್ಟಿಗೆ ಕೊಡುತ್ತಿದ್ದಳು. ಮೊದಲು ಒಂದು, ಆಮೇಲೆ ಎರಡು. ಆ ಹೊತ್ತಿಗೆ ನಾಲ್ಕು.

"ವರ್ಷಕ್ಕೊಂದು ಇಟ್ಟಿಗೆ ಮೇಲೆ ಹೋಗ್ತಿದೀನಿ ಕಣೇ ಸೊಸೆ," ಅನ್ನುತ್ತಿದ್ದಳು ಮುದುಕಿ. "ಇನ್ನೊಂದೈದು ವರ್ಷ ಹೀಗೇ ನಡೀಲಿ. ಸಾಯೋ ಕಷ್ಟ ಇಲ್ಲ, ಮಂಚದಿಂದ ನೇರ ಸ್ವರ್ಗಕ್ಕೆ ಕಾಲಿಡಬಹುದು."

ಅತ್ತೆ ನಗುತ್ತಿದ್ದಳು, ಸೊಸೆ ನಗುತ್ತಿರಲಿಲ್ಲ. ಒಂದು ದಿನ ಮಿನಕ್ಕ ಪಾರ್ಕುಗಳ ಕಚೇರಿಗೆ ಹೋಗಿ ಶಾಂಗ್ ಸಾಹೇಬರ ಮೇಜಿನ ಮುಂದೆ ನಿಂತಳು. ಒಂದು ಕೈಯಲ್ಲಿ ಅಡ್ಡಡ್ಡ ಕೊಯ್ದ ತಾವರೆ ಗೆಡ್ಡೆಯ ತುಂಡು, ಇನ್ನೊಂದು ಕೈಯಲ್ಲಿ ಪಾರ್ಕಿನ ಗ್ರಾನೈಟ್ ಚೂರು.

"ಸಾಹೇಬ್ರೆ, ಇದು ನಿಮ್ಮ ಕಲ್ಲು," ಎಂದು ಅದರ ಮೇಲೆ ಸಾಹೇಬರ ಲೋಟದ ಚಹಾ ಹೊಯ್ದಳು. ಚಹಾ ಜಾರಿ ಸಾಹೇಬರ ಫೈಲಿನ ಮೇಲೆ ಹೋಯಿತು. "ಈ ಫೈಲು ನಮ್ಮ ಓಣಿ ಅಂದ್ಕೊಳ್ಳಿ. ಇನ್ನು ಇದು ಗೆಡ್ಡೆ, ತೂತು ಇರೋದು." ಮತ್ತೆ ಹೊಯ್ದಳು. ಚಹಾ ತೂತುಗಳಲ್ಲಿ ಇಳಿದು ಸಾಹೇಬರ ಪ್ಯಾಂಟಿನ ಮೇಲೆ ಹೋಯಿತು. "ಕೆಳಗೆ ಇಳೀತು ನೋಡಿ. ಹೀಗೆ ಇಳಿಬೇಕು."

"ನನ್ನ ಪ್ಯಾಂಟು ಏನು ಅಂದ್ಕೋಬೇಕಮ್ಮ?" ಎಂದರು ಸಾಹೇಬರು.

"ಅದು ಭೂಮಿತಾಯಿ ಅಂದ್ಕೊಳ್ಳಿ."

ಶಾಂಗ್ ಸಾಹೇಬರು ಕೆಟ್ಟವರಲ್ಲ. ನೀರು ಇಂಗುವ ಇಟ್ಟಿಗೆಯ ವಿಚಾರ ಅವರ ಕಚೇರಿಯ ಕಾಗದಗಳಲ್ಲೂ ಎಷ್ಟೋ ದಿನದಿಂದ ಕೂತಿತ್ತು. ಒದ್ದೆ ಪ್ಯಾಂಟಿನಲ್ಲಿ ಕೂತು ಒಂದು ಮಾತು ಕೊಟ್ಟರು. "ಪಾರ್ಕಿನ ತಗ್ಗಿನ ಅಂಗಳಕ್ಕೆ ಮಾತ್ರ ಹಾಸಿ ನೋಡೋಣ. ಒಂದು ಮಳೆಗಾಲ. ದೊಡ್ಡ ಮಳೆ ಬಂದ ದಿನ ನಾನೇ ಬರ್ತೀನಿ. ಎಲ್ಲಾದ್ರೂ ಒಂದು ಕಡೆ ಕಾಲು ಗಂಟೆ ನೀರು ನಿಂತ್ರೂ ಕಿತ್ತುಹಾಕಿಸಿ ಗ್ರಾನೈಟೇ ಹಾಕಿಸ್ತೀನಿ. ಆಮೇಲೆ ನನ್ನ ಕಚೇರಿಗೆ ತರಕಾರಿ ತರೋ ಹಾಗಿಲ್ಲ."

ವಸಂತದಲ್ಲಿ ಕೆಲಸ ನಡೆಯಿತು. ಅಡಿಯಲ್ಲಿ ಜಲ್ಲಿ, ಅದರ ಮೇಲೆ ದಪ್ಪ ಮರಳು, ಅದರ ಮೇಲೆ ಕೆಂಪು ಬೂದು ಇಟ್ಟಿಗೆ. ಹತ್ತಿರದಿಂದ ನೋಡಿದರೆ ಎಳ್ಳುಂಡೆ ಹಾಗೆ, ಕಾಳು ಕಾಳು, ನಡುನಡುವೆ ಸಂದು. ಮಿನಕ್ಕ ಪೊರಕೆ ಊರಿಕೊಂಡು ಪಕ್ಕದಲ್ಲೇ ನಿಂತಳು. ಕೆಲಸದವರು ಮರಳಿನಲ್ಲಿ ಮಣ್ಣು ಬೆರೆತ ಒಂದು ಬುಟ್ಟಿ ಸುರಿದರೆ, ಬೂಟಿನ ಕಾಲು ಇಟ್ಟು, "ಇದು ಬೇಡ, ಇದು ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳತ್ತೆ" ಎಂದು ವಾಪಸ್ ತೆಗೆಸುತ್ತಿದ್ದಳು.

ಆಮೇಲೆ ಶುರುವಾಯಿತು ಅವಳ ಉಪಚಾರ. ಸೊಸೆಯ ಬಾಣಂತನ ಮಾಡುವವರೂ ಅಷ್ಟು ಮಾಡುವುದಿಲ್ಲ. ದಿನಾ ಬೆಳಿಗ್ಗೆ ಕೆಟಲು ತುಂಬಿಸಿಕೊಂಡು ಅಂಗಳದ ಹತ್ತು ಕಡೆ ನೀರು ಹೊಯ್ದು ಎಣಿಸುತ್ತಿದ್ದಳು. "ಒಂದು, ಎರಡು, ಮೂರು." ಮೂರಕ್ಕೆ ನೀರು ಮಾಯ ಆದರೆ ಇಟ್ಟಿಗೆಯ ತಲೆ ಸವರುತ್ತಿದ್ದಳು. ಐದಾದರೆ ಅಲ್ಲೇ ಕೂತು ಬ್ರಶ್ಶಿನಿಂದ ಧೂಳು ತೆಗೆಯುತ್ತಿದ್ದಳು. ಅವಳ ದೊಡ್ಡ ಶತ್ರು ಎಂದರೆ ನಮ್ಮ ಊರಿನ ಬೆಳಗಿನ ತಿಂಡಿ. ಎಳ್ಳಿನ ಗೊಜ್ಜು ಕಲಸಿದ ನೂಡಲ್ಸನ್ನು ಕಾಗದದ ಬಟ್ಟಲಲ್ಲಿ ಹಿಡಿದು ನಡೆಯುತ್ತಾ ತಿನ್ನದಿದ್ದರೆ ನಮ್ಮವರಿಗೆ ಬೆಳಗಾದ ಹಾಗೇ ಅಲ್ಲ. ಆ ಗೊಜ್ಜು ಒಂದು ಹನಿ ಬಿದ್ದರೆ ಇಟ್ಟಿಗೆಯ ಬಾಯಿ ಮುಚ್ಚಿದ ಹಾಗೆ. ನೂಡಲ್ಸು ಹಿಡಿದು ಬಂದವರ ಹಿಂದೆ ಅವಳು ಒಂದು ಮುಚ್ಚಳ ಹಿಡಿದು ಅವರ ಗದ್ದದ ಕೆಳಗೇ ನಡೆಯುತ್ತಿದ್ದಳು. ನಾಚಿಕೆಗೆ ಜನ ಪಾರ್ಕಿನ ಗೇಟಿನಲ್ಲೇ ತಿಂದು ಮುಗಿಸುವುದನ್ನು ಕಲಿತರು.

ಎಲ್ಲರಿಗೂ ಒಳ್ಳೆಯದಾಯಿತು, ನಮ್ಮನ್ನು ಬಿಟ್ಟು.

ನೀರಕ್ಷರ ಬರೆಯುವವರು ನಾವು ಏಳು ಜನ. ನಮ್ಮ ಕುಂಚ ಎಂದರೆ ಉದ್ದನೆ ಕೋಲಿನ ತುದಿಗೆ ಮೊನಚಾಗಿ ಕತ್ತರಿಸಿ ಕಟ್ಟಿದ ಸ್ಪಂಜು. ಗ್ರಾನೈಟಿನ ಮೇಲೆ ಬರೆದದ್ದು ಅರ್ಧ ಗಂಟೆ ಇರುತ್ತಿತ್ತು. ಜನ ನಿಂತು ಓದಿ, ತಲೆದೂಗಿ, ತಪ್ಪು ಹುಡುಕಿ, ಜಗಳವಾಡಿ ಹೋಗುವಷ್ಟು ಹೊತ್ತು. ಹೊಸ ಇಟ್ಟಿಗೆಯ ಮೇಲೆ ಮೊದಲ ದಿನ ನಾಲ್ಕು ಅಕ್ಷರದ ಸಾಲು ಬರೆದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಇಲ್ಲ.

ಪಾಂಗಣ್ಣ ಕೋಲು ಕೆಳಗಿಟ್ಟ. "ಬರೆಯೋದೂ ಸ್ಪಂಜು, ಬರೆಸಿಕೊಳ್ಳೋದೂ ಸ್ಪಂಜು. ನಡುವೆ ನಾವ್ಯಾಕಯ್ಯ ಬೇಕು?"

ಬೇರೆ ಕಡೆ ಬರೆಯೋಣ ಎಂದರೆ ಮೇಲಿನ ಅಂಗಳದಲ್ಲಿ ಕುಣಿಯುವ ಹೆಂಗಸರು. ಐವತ್ತು ಜನ, ಒಂದು ಸ್ಪೀಕರು. ಅವರ ಮುಂದೆ ಅಕ್ಷರ ಬರೆಯುವುದೆಂದರೆ ಸಿಡಿಲಿನ ಮುಂದೆ ಶಿಳ್ಳೆ ಹೊಡೆದ ಹಾಗೆ.

ಅಷ್ಟರಲ್ಲಿ ದೋಣಿ ಹಬ್ಬ ಬಂತು. ಮನೆ ಮನೆಯಲ್ಲೂ ಎಲೆ ಸುತ್ತಿದ ಅಂಟಕ್ಕಿ ಕಡುಬು ಬೆಂದವು. ನಮ್ಮ ಹಳೇ ಕೋಟೆಗೋಡೆಗಳನ್ನು ಅಂಟಕ್ಕಿ ಗಂಜಿಗೆ ಸುಣ್ಣ ಬೆರೆಸಿ ಕಟ್ಟಿದರು, ಅದಕ್ಕೇ ಆರುನೂರು ವರ್ಷವಾದರೂ ಒಂದು ಹನಿ ನೀರು ಒಳಗೆ ಹೋಗಿಲ್ಲ ಎಂದು ನನ್ನ ಅಜ್ಜ ಹೇಳುತ್ತಿದ್ದ. ಕಡುಬು ಬೆಂದ ನೀರನ್ನು ಹೆಂಡತಿ ಚೆಲ್ಲಲು ಹೋದಾಗ ನನ್ನ ತಲೆಯಲ್ಲಿ ಆ ಕೋಟೆ ಎದ್ದು ನಿಂತಿತು. ಏಳೂ ಜನರ ಮನೆಯ ಕಡುಬಿನ ನೀರನ್ನು ಬೇರೆ ಬೇರೆ ಪಾತ್ರೆಯಲ್ಲಿ ತರಿಸಿದೆ. ಮೇಲೊಂದಿಷ್ಟು ಅಂಟಕ್ಕಿ ಹಿಟ್ಟು ಹಾಕಿ ಕುದಿಸಿದೆ. ಸುಣ್ಣ ಹಾಕಿದರೆ ಇಟ್ಟಿಗೆಯ ಬಾಯಿ ಶಾಶ್ವತವಾಗಿ ಮುಚ್ಚೀತು ಎಂದು ಅದೊಂದನ್ನು ಹಾಕಲಿಲ್ಲ; ನಾನೂ ಒಂದು ಮಟ್ಟಕ್ಕೆ ಸಂಸಾರಸ್ಥ. ಮಿನಕ್ಕ ಹಬ್ಬಕ್ಕೆಂದು ಎರಡು ದಿನ ಹಳ್ಳಿಗೆ ಹೋದದ್ದೇ ತಡ, ನಾವು ಏಳೂ ಜನ ಹಗಲು ಹೊತ್ತಿನಲ್ಲೇ, ಸಾರ್ವಜನಿಕ ಸೇವೆ ಮಾಡುವವರ ಮುಖ ಮಾಡಿಕೊಂಡು, ತಗ್ಗಿನ ಅಂಗಳದ ಮೂಲೆಗೆ ಗಂಜಿ ಬಳಿದೆವು. ಒಬ್ಬೊಬ್ಬನಿಗೆ ಒಂದು ಬಾಗಿಲಿನಷ್ಟು ಜಾಗ, ಅವರವರ ಮನೆಯದೇ ಗಂಜಿ. ನನ್ನದಕ್ಕೆ ಮೂರು ಸಲ.

ಆಹಾ, ಆ ಎರಡು ದಿನ! ಅಕ್ಷರ ನಿಂತವು. ನಾನು ಬರೆದ 'ನದಿ' ಎಷ್ಟು ಹೊತ್ತು ಹೊಳೆಯಿತೆಂದರೆ ಇಬ್ಬರು ಗಾಳ ಹಾಕಲು ಬಂದರು. ಆಮೇಲೆ ಇರುವೆ ಬಂದವು. ಇರುವೆಯ ಹಿಂದೆ ಗುಬ್ಬಿ ಬಂದವು. ಹಾನ್ ನದಿಯ ಎರಡೂ ದಂಡೆಯ ಗುಬ್ಬಿಗಳು ನಮ್ಮ ಅಂಗಳಕ್ಕೆ ಹಬ್ಬದೂಟಕ್ಕೆ ಇಳಿದವು.

ಮೂರನೆಯ ಬೆಳಿಗ್ಗೆ ಮಿನಕ್ಕ ಕೆಟಲು ಹಿಡಿದು ಬಂದಳು. ಗುಬ್ಬಿಗಳನ್ನು ನೋಡಿದಳು. ನೀರು ಹೊಯ್ದಳು. ಎಣಿಸಿದಳು. ಮೂರಾಯಿತು, ಹತ್ತಾಯಿತು. ಮೂವತ್ತಕ್ಕೆ ಅವಳ ದನಿ ಏರಿತು. ಅರವತ್ತಕ್ಕೆ ಎಣಿಸುವುದು ನಿಲ್ಲಿಸಿ, ಬೆರಳು ಅದ್ದಿ, ಮೂಸಿ, ನಾಲಿಗೆ ತುದಿಗೆ ಹಚ್ಚಿಕೊಂಡಳು.

"ಅಂಟಕ್ಕಿ," ಎಂದಳು. ಪಕ್ಕದ ಜಾಗಕ್ಕೆ ಬೆರಳು ಒತ್ತಿ ನೆಕ್ಕಿದಳು. "ಇದು ಕೆಂಪು ಖರ್ಜೂರ ಹಾಕಿದ್ದು. ಪಾಂಗಣ್ಣ, ನಿಮ್ಮನೇದು." ನನ್ನ ಜಾಗಕ್ಕೆ ಬಂದಳು. "ಇದರಲ್ಲಿ ಉಪ್ಪು ಹಾಕಿದ ಹಂದಿ ಕೊಬ್ಬಿದೆ. ಓಯಾಂಗ್ ಮೇಸ್ತ್ರಿ, ಇದು ನಿಮ್ಮ ಹೆಂಡ್ತಿ ಕೈಯದು. ಉಪ್ಪು ಜಾಸ್ತಿ."

ಏಳು ಜನರೂ ಬೇರೆ ಬೇರೆ ಮರಗಳನ್ನು ನೋಡುತ್ತಾ ನಿಂತೆವು.

ಬೈಯುತ್ತಾಳೆ ಅಂದುಕೊಂಡಿದ್ದೆ. ನಮ್ಮ ಊರಿನ ಹೆಂಗಸು ಬೈದರೆ ಟ್ರಾಫಿಕ್ ನಿಲ್ಲುತ್ತದೆ. ಅವಳು ಬೈಯಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತಳು. "ನಾಳೆ ಬೆಳಿಗ್ಗೆ ದೊಡ್ಡ ಮಳೆಯಂತೆ. ಸಾಹೇಬ್ರು ಫೋನ್ ಮಾಡಿದ್ರು, ಬರ್ತಾರಂತೆ. ಈ ಮೂಲೆ ಅಂಗಳಕ್ಕೆಲ್ಲ ತಗ್ಗು. ನೀರು ನಿಲ್ಲೋದಾದ್ರೆ ಇಲ್ಲೇ." ಕೆಟಲನ್ನು ತೊಡೆಯ ಮೇಲಿಟ್ಟುಕೊಂಡು, "ಅತ್ತೆಗೆ ಐದನೇ ಇಟ್ಟಿಗೆ ಇಡಕ್ಕೆ ಆಗಲ್ಲ. ಮಂಚ ಹತ್ತಕ್ಕೆ ಅವಳ ಕೈಲಾಗಲ್ಲ" ಎಂದಳು.

ಅದಕ್ಕಿಂತ ಅವಳು ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು.

"ಗಂಜಿ ತಾನೇ," ಎಂದ ಪಾಂಗಣ್ಣ. "ಬಿಸಿನೀರಿಗೆ ಬಿಡತ್ತೆ."

ಆ ದಿನ ಪಾರ್ಕಿಗೆ ಬಂದ ಒಬ್ಬ ಮುದುಕನಿಗೂ ಚಹಾ ಸಿಗಲಿಲ್ಲ. ಎಲ್ಲರ ಫ್ಲಾಸ್ಕಿನ ಬಿಸಿನೀರೂ ಇಟ್ಟಿಗೆಗೆ ಹೋಯಿತು. ಕುಣಿಯುವ ಹೆಂಗಸರು ಸ್ಪೀಕರು ಆರಿಸಿ ಮನೆಯಿಂದ ಕೆಟಲು ತಂದರು. ಸ್ಪೀಕರು ಆರಿದ್ದು ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅಕ್ಕಪಕ್ಕದವರು ಭೂಕಂಪವೇನೋ ಎಂದು ಹೊರಗೆ ಬಂದರು. ಕಾರು ತೊಳೆಯುವ ಅಂಗಡಿಯವನು ತನ್ನ ನೀರಿನ ಪಂಪನ್ನು ತಳ್ಳಿಕೊಂಡು ಬಂದ. ಬಿಸಿನೀರು ಹೊಯ್ಯುವುದು, ಗಡಸು ಬ್ರಶ್ಶಿನಿಂದ ಸಂದು ಸಂದು ಉಜ್ಜುವುದು, ಪಂಪು ಬಿಡುವುದು. ಪಾಂಗಣ್ಣನಿಂದ ಹಿಡಿದು ಆರೂ ಜನ ಮಂಡಿಯೂರಿ ಉಜ್ಜಿದರು.

ನಾನು ಬ್ರಶ್ಶಿಗೆ ಕೋಲು ಕಟ್ಟಿದೆ.

"ಮೇಸ್ತ್ರಿ, ನಿಂತ್ಕೊಂಡು ಉಜ್ಜಿದ್ರೆ ಹೋಗಲ್ಲ ಅದು," ಎಂದಳು ಮಿನಕ್ಕ. "ಕೂತ್ಕೊಂಡು ಉಜ್ಜಿ."

"ಮೂವತ್ತೆಂಟು ವರ್ಷ ನಿಂತೇ ಕೆಲಸ ಮಾಡಿದೀನಿ ಕಣಮ್ಮ. ನನ್ನ ಕೋಲಿಗೆ ಕಣ್ಣಿದೆ."

"ಕಣ್ಣಿದ್ರೆ ಸಾಲದು, ಅದಕ್ಕೆ ಉಗುರು ಬೇಕು."

ಸಂಜೆಗೆ ಅವಳು ಕೆಟಲು ಹಿಡಿದು ಒಂದೊಂದೇ ಜಾಗ ನೋಡುತ್ತಾ ಬಂದಳು. ಮೂರು, ನಾಲ್ಕು, ಮೂರು. ನನ್ನ ಜಾಗಕ್ಕೆ ಬರುವ ಹೊತ್ತಿಗೆ ಕೆಟಲು ಖಾಲಿ, ಅವಳ ಮುಖವೂ ಸುಸ್ತು. "ನಿಮ್ಮದಾಯ್ತಾ?" ಎಂದಳು. "ಕನ್ನಡಿ ಹಾಗಾಗಿದೆ," ಎಂದೆ. ಇಟ್ಟಿಗೆ ಕನ್ನಡಿ ಹಾಗಾಗುವುದು ಒಳ್ಳೆಯ ಲಕ್ಷಣ ಅಲ್ಲ ಎಂಬುದು ಹೊಳೆಯಲೇ ಇಲ್ಲ.

ಬೆಳಿಗ್ಗೆ ಏಳಕ್ಕೆ ಮಳೆ ಬಂತು. ಹನಿ ಹನಿಯಾಗಿ ಅಲ್ಲ. ಮೇಲಿನವರು ಹಂಡೆ ಹಂಡೆಯಾಗಿ ಎತ್ತಿ ಸುರಿದರು, ಒಂದೆರಡು ಸಲ ಹಂಡೆಯನ್ನೂ ಬಿಟ್ಟರು. ಶಾಂಗ್ ಸಾಹೇಬರು ಕಪ್ಪು ಕೊಡೆ ಹಿಡಿದು, ಪ್ಯಾಂಟು ಮಡಿಸಿಕೊಂಡು ಬಂದರು. ಮಿನಕ್ಕ ಪ್ಲಾಸ್ಟಿಕ್ ಕೋಟಿನಲ್ಲಿ. ಹಿಂದೆ ನಾವೆಲ್ಲ ಕೋಳಿಮರಿಗಳ ಹಾಗೆ.

ತಗ್ಗಿನ ಅಂಗಳ ಕುಡಿಯುತ್ತಿತ್ತು. ಬೇರೆ ಮಾತಿಲ್ಲ ಅದಕ್ಕೆ. ಅಷ್ಟು ಮಳೆ ಬೀಳುತ್ತಿದೆ, ಇಟ್ಟಿಗೆಯ ಮೇಲೆ ಬರೀ ಹೊಳಪು, ಎಲ್ಲೂ ಹರಿಯುವ ನೀರಿಲ್ಲ. ಕಿವಿಗೊಟ್ಟರೆ ಅಡಿಯಿಂದ ಸಣ್ಣಗೆ ಗುಟುಕು ಗುಟುಕಾಗಿ ಸದ್ದು. ಸಾಹೇಬರು ಎರಡು ಸುತ್ತು ಬಂದರು. "ಪರವಾಗಿಲ್ಲ," ಎಂದರು. ಸಾಹೇಬರ ಬಾಯಲ್ಲಿ 'ಪರವಾಗಿಲ್ಲ' ಎಂದರೆ ಬೇರೆಯವರು ಪಟಾಕಿ ಹೊಡೆದ ಹಾಗೆ. ಮೂರನೇ ಸುತ್ತಿಗೆ ಮೂಲೆಗೆ ತಿರುಗಿದರು. ಚಪ್ ಎಂದು ಸದ್ದಾಯಿತು. ಸಾಹೇಬರ ಬೂಟು ನೀರಿನೊಳಗೆ.

ಅಂಗಳದಲ್ಲೆಲ್ಲ ಅದೊಂದೇ ಹೊಂಡ. ಅಳತೆ ಹಾಕಿದ ಹಾಗೆ ಒಂದು ಬಾಗಿಲಿನಷ್ಟು.

ಸಾಹೇಬರು ಕೈಗಡಿಯಾರ ನೋಡಿದರು. ಮಿನಕ್ಕ ಹೊಂಡವನ್ನೇ ನೋಡುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಒಂದು ನಿಮಿಷ, ಎರಡು, ಐದು. ನೀರು ಇಳಿಯುವುದಿರಲಿ, ಅಲ್ಲೇ ಮನೆ ಕಟ್ಟುವ ಯೋಚನೆಯಲ್ಲಿತ್ತು. ಎಂಟನೇ ನಿಮಿಷಕ್ಕೆ ಸಾಹೇಬರು ನಿಟ್ಟುಸಿರು ಬಿಟ್ಟು, "ಏನಮ್ಮ ಮಾಡೋದು, ಮಾತು ಮಾತೇ" ಎಂದರು.

"ಹೌದು ಸಾಹೇಬ್ರೆ, ಮಾತು ಮಾತೇ," ಎಂದಳು ಮಿನಕ್ಕ. ನನ್ನ ಹೆಸರು ಹೇಳಲಿಲ್ಲ. ಒಂದು ಬೆರಳು ತೋರಿಸಿದ್ದರೆ ಸಾಕಿತ್ತು, ತೋರಿಸಲಿಲ್ಲ.

ನನ್ನ ಕಾಲು ತಾನಾಗಿ ಮುಂದೆ ಬಂತು. "ಸಾಹೇಬ್ರೆ, ಇಟ್ಟಿಗೆ ತಪ್ಪಲ್ಲ. ಅದರ ಬಾಯಿಗೆ ಗಂಜಿ ಮೆತ್ತಿದ್ದು ನಾನು. ಉಜ್ಜಿದೀನಿ ಅಂತ ಸುಳ್ಳು ಹೇಳಿದ್ದೂ ನಾನೇ."

"ಯಾವ ಗಂಜಿ?"

"ಹಬ್ಬದ ಕಡುಬಿಂದು. ಹಂದಿ ಕೊಬ್ಬು ಹಾಕಿದ್ದು."

ಸಾಹೇಬರು ಮಿನಕ್ಕನ ಮುಖ ನೋಡಿದರು. "ಮುದುಕ ನಿನಗೆ ಸಹಾಯ ಮಾಡಕ್ಕೆ ಕಥೆ ಕಟ್ತಾ ಇದಾನೇನಮ್ಮ?"

"ಕಥೆ ಕಟ್ಟೋದು ಅವರ ಅಭ್ಯಾಸ," ಎಂದಳು ಅವಳು. "ಇದೊಂದು ನಿಜ."

"ತೋರಿಸಿ ಹಾಗಾದ್ರೆ. ಇನ್ನು ಆರು ನಿಮಿಷ ಇದೆ."

ಪಾಂಗಣ್ಣ ತನ್ನ ಫ್ಲಾಸ್ಕು ಚಾಚಿದ. ಯಾರೋ ಬ್ರಶ್ಶು ಕೊಟ್ಟರು, ಗಿಡ್ಡ ಹಿಡಿಯದು. ಕೋಲು ಮರದ ಬುಡದಲ್ಲೇ ಇತ್ತು, ನೋಡಿದೆ, ಬಿಟ್ಟೆ. ನೀರಿನೊಳಗೆ ಎರಡೂ ಮಂಡಿ ಊರಿದೆ. ಎಪ್ಪತ್ನಾಲ್ಕು ವರ್ಷ ಮಡಿಸದೆ ಇಟ್ಟ ಮಂಡಿ, ಎಂಥ ಸದ್ದು ಮಾಡಿತೆಂದರೆ ಕೊಳದ ಬಾತುಗಳು ಹಾರಿಹೋದವು. ಬಿಸಿನೀರು ಹೊಯ್ದು ಉಜ್ಜಿದೆ, ಉಗುರಿನಿಂದ ಕೆರೆದೆ, ಮತ್ತೆ ಹೊಯ್ದೆ. ಇನ್ನೂ ಮೂರು ಫ್ಲಾಸ್ಕು ಬಂದವು. ಮೇಲೆ ಸಾಹೇಬರು ಕೊಡೆ ಹಿಡಿದು ನಿಂತಿದ್ದರು. ಕೊಡೆ ಅವರ ತಲೆಯ ಮೇಲಿತ್ತು, ಅದರ ನೀರು ನನ್ನ ತಲೆಯ ಮೇಲಿತ್ತು. ಮೊದಲು ಒಂದು ಗುಳ್ಳೆ ಬಂತು. ಆಮೇಲೆ ನಾಲ್ಕು. ಆಮೇಲೆ ಹೊಂಡದ ನಡುವೆ ಒಂದು ಸುಳಿ ಎದ್ದು, ಬಾಯಾರಿದ ಎಮ್ಮೆ ಬಾನಿಯ ನೀರಿಗೆ ಬಾಯಿ ಇಟ್ಟ ಹಾಗೆ ಸೊರ್ರೆಂದು ಎಳೆಯಿತು.

ಸಾಹೇಬರು ಗಡಿಯಾರ ನೋಡಿ ತೋಳು ಇಳಿಸಿದರು. "ಹದಿಮೂರೂವರೆ ನಿಮಿಷ. ಇಟ್ಟಿಗೆ ಇರಲಿ," ಎಂದರು. "ಮೇಲಿನ ಅಂಗಳಕ್ಕೂ ಇದನ್ನೇ ಬರೆದು ಹಾಕ್ತೀನಿ."

ಮಿನಕ್ಕ ಆಗಲೇ ಓಣಿಯ ಕಡೆ ಓಡುತ್ತಿದ್ದಳು. ನಾವೂ ಹೋಗಿ ಇಣುಕಿದೆವು. ಮನೆಯ ನೆಲಕ್ಕೆ ಒಂದು ಹನಿಯೂ ತಾಕಿರಲಿಲ್ಲ. ಅವಳೂ ಅವಳ ಗಂಡನೂ ಮಂಚ ಎತ್ತಿ ಒಂದೊಂದೇ ಇಟ್ಟಿಗೆ ತೆಗೆಯುತ್ತಿದ್ದರು. ಮುದುಕಿ ಮೇಲೆ ಕೂತೇ ಇದ್ದಳು. "ನಿಧಾನ ಕಣೋ, ಸ್ವರ್ಗದಿಂದ ಇಳಿಸ್ತಾ ಇದೀರ," ಎನ್ನುತ್ತಿದ್ದಳು.

ನನ್ನ ಮಂಡಿ ಊದಿದ್ದು ಇಳಿಯಲು ಎಂಟು ದಿನ ಹಿಡಿಯಿತು. ಒಂಬತ್ತನೇ ದಿನ, ಬಿಸಿಲು ಬಂದ ಮೇಲೆ, ಕೋಲು ಹಿಡಿದು ಪಾರ್ಕಿಗೆ ಹೋದೆ. ಮಿನಕ್ಕ ಕೆಟಲು ಹಿಡಿದು ಎಣಿಸುತ್ತಿದ್ದಳು. ನಾನು ಮನಸ್ಸಿಟ್ಟು, ಉಸಿರು ಹಿಡಿದು, ಜೀವಮಾನದಲ್ಲೇ ಅಷ್ಟು ಚಂದ ಬರೆದಿರಲಿಲ್ಲ ಅನ್ನುವ ಹಾಗೆ ಒಂದು ಅಕ್ಷರ ಬರೆದೆ. ಕೊನೆಯ ಗೆರೆ ಎಳೆದು ಕೋಲು ಎತ್ತುವಷ್ಟರಲ್ಲಿ ಇಟ್ಟಿಗೆ ಅದನ್ನು ಗುಳುಂ ಮಾಡಿತ್ತು.

"ನೋಡು ಮಿನಕ್ಕ," ಎಂದೆ. "ನಿನ್ನ ಇಟ್ಟಿಗೆಗೋಸ್ಕರ ಮಂಡಿ ಸವೆಸಿದೆ, ಮಾನ ಬಿಟ್ಟೆ. ಆ ಕೃತಜ್ಞತೆಗಾದ್ರೂ ನನ್ನ ಅಕ್ಷರಾನ ಒಂದು ಗಳಿಗೆ ಬಾಯಲ್ಲಿ ಇಟ್ಕೊಂಡು ರುಚಿ ನೋಡಬಾರದಾ? ಇಷ್ಟು ಅವಸರದಲ್ಲಿ ನುಂಗೋದಾ?"

ಮಿನಕ್ಕ ಖಾಲಿ ಜಾಗವನ್ನು ಒಂದು ಸಲ ನೋಡಿದಳು, ನನ್ನನ್ನು ಒಂದು ಸಲ.

"ಕಷಾಯ ಯಾರಾದ್ರೂ ಚಪ್ಪರಿಸಿಕೊಂಡು ಕುಡೀತಾರಾ ಮೇಸ್ತ್ರಿ? ಮೂಗು ಹಿಡ್ಕೊಂಡು ಒಂದೇ ಗುಟುಕಿಗೆ ನುಂಗ್ತಾರೆ."